ಹಕ್ಕಿಗೆ ಹೊಲ ಬಿಟ್ಟುಕೊಟ್ಟ ಅರಳಗುಂಡಗಿಯ ಶರಣ

ಕಲಬುರಗಿ ಜಿಲ್ಲೆ ಜೇವರ್ಗಿ ತಾಲ್ಲೂಕಿನ ಅರಳಗುಂಡಗಿ ಕಪ್ಪು ಮಣ್ಣಿನ ಸೀಮೆಯ ಊರು. ಹಿಂಗಾರಿನಲ್ಲಿ ಬಿತ್ತಿದ ಬಿಳಿಜೋಳ ಹಾಲುಗಟ್ಟುವ ಹೊತ್ತಿಗೆ ಗುಬ್ಬಿ, ಗಿಳಿಗಳ ಹಿಂಡು ಹೊಲಕ್ಕಿಳಿಯುತ್ತದೆ. ಅಟ್ಟಣಿಗೆ ಏರಿ ಕವಣೆ ಬೀಸಿ ಅವನ್ನು ಓಡಿಸುವುದು ರೈತರ ಮಕ್ಕಳಿಗೆ ತಲೆಮಾರುಗಳಿಂದ ಬಂದ ಕೆಲಸ. ಆ ಕೆಲಸವನ್ನು ಮಾಡಲೊಲ್ಲದ ರೈತನೊಬ್ಬ ಮುಂದೆ ಕಲ್ಯಾಣ ಕರ್ನಾಟಕದ ಆರಾಧ್ಯ ದೈವವಾದುದೇ ಶರಣಬಸವೇಶ್ವರರ ಚರಿತ್ರೆ.

1746ರಲ್ಲಿ ಮಲಕಪ್ಪ, ಸಂಗಮ್ಮ ದಂಪತಿಗೆ ಜನಿಸಿದ ಶರಣಬಸಪ್ಪನವರದು ಒಕ್ಕಲುತನದ ಮನೆ. ಜೋಳ ಕಾಯಲು ಹೋದ ಅವರು ಕವಣೆ ಹಿಡಿಯಲಿಲ್ಲ. ಹಕ್ಕಿಗಳು ಉಣ್ಣುವಷ್ಟು ಉಂಡು ಹಾರಲೆಂದು ಬಿಟ್ಟರು. ಉಂಡ ಹಕ್ಕಿಗೆ ನೀರಡಿಕೆಯಾಗುತ್ತದೆಂದು ನೀರನ್ನೂ ಇಟ್ಟರು. ಮನೆಯವರು ಕಂಗಾಲಾದರಾದರೂ ರಾಶಿಯ ದಿನ ಕಣದ ತುಂಬ ಕಾಳು ಕಂಡಿತೆಂದು ಪುರಾಣಗಳು ಹೇಳುತ್ತವೆ.

ಇದನ್ನು ಪವಾಡವೆಂದು ಕೈಮುಗಿದು ಮುಂದೆ ಸಾಗುವುದು ಸುಲಭ. ಆದರೆ ಹೊಲ ಬಲ್ಲವರಿಗೆ ಈ ಕಥೆಯಲ್ಲಿ ಬೇರೊಂದು ಅರ್ಥವೂ ಕಾಣುತ್ತದೆ. ತೆನೆಗೆ ಬಾಯಿ ಹಾಕುವ ಗುಬ್ಬಿಯೇ ತನ್ನ ಮರಿಗಳಿಗೆ ಹುಳು ಹೆಕ್ಕಿ ಉಣಿಸುತ್ತದೆ. ಕಾಜಾಣ, ಮೈನಾ, ಬೆಳ್ಳಕ್ಕಿಗಳಂತೂ ಸಂಬಳವಿಲ್ಲದ ಕಾವಲುಗಾರರು. ತೊಗರಿಯ ಕಣಜವೆನಿಸಿದ ಈ ಜಿಲ್ಲೆಗೆ ಆ ಕಾವಲಿನ ಬೆಲೆ 1997-98ರಲ್ಲಿ ತಿಳಿಯಿತು. ಆ ವರ್ಷ ಕಾಯಿಕೊರಕದ ಹಾವಳಿಗೆ ತೊಗರಿ ನೆಲಕಚ್ಚಿತು. ಸಾಲ ಮಾಡಿ ಸಿಂಪಡಿಸಿದ ಔಷಧಿಗೂ ಹುಳು ಜಗ್ಗಲಿಲ್ಲ. ಕಲಬುರಗಿ, ಬೀದರ್ ಜಿಲ್ಲೆಗಳ ಹಲವು ರೈತರು ಆತ್ಮಹತ್ಯೆಗೆ ಶರಣಾದರು. ಇಂದು ಕೃಷಿ ವಿಜ್ಞಾನಿಗಳು ತೊಗರಿ ಸಾಲುಗಳ ನಡುವೆ ಹಕ್ಕಿ ಕೂರಲು ಕವಲುಗೋಲು ನೆಡುವಂತೆ ಸಲಹೆ ನೀಡುತ್ತಾರೆ. ಕವಣೆ ಬೀಸಿ ಓಡಿಸಿದ ಅತಿಥಿಯನ್ನು ಕೋಲು ನೆಟ್ಟು ಕರೆಯುವ ಕಾಲ ಬಂದಿದೆ.

ಹೊಲದ ಬೆಳೆ ಒಡೆಯನಿಗಷ್ಟೇ ಸೇರಿದ್ದಲ್ಲ ಎಂಬ ಭಾವ ಈ ನೆಲಕ್ಕೆ ಹೊಸದೂ ಅಲ್ಲ. ಎಳ್ಳಮಾವಾಸ್ಯೆಯಂದು ಆಳಂದ, ಅಫಜಲಪುರ, ಜೇವರ್ಗಿಯ ರೈತರು ಸಜ್ಜೆ ರೊಟ್ಟಿ, ಭಜ್ಜಿ, ಕಡುಬಿನ ಬುತ್ತಿ ಹೊತ್ತು ಹೊಲಕ್ಕೆ ಹೋಗಿ, ಮೊದಲ ತುತ್ತನ್ನು ಭೂತಾಯಿಗೆ ಚರಗವಾಗಿ ಚೆಲ್ಲುತ್ತಾರೆ. ಶರಣರು ವರ್ಷದ ಆ ಒಂದು ದಿನವನ್ನು ಬದುಕಿಡೀ ಹಿಗ್ಗಿಸಿದರು. ಹಕ್ಕಿಗೆ ತೆರೆದ ಹೊಲ ಹಸಿದವರಿಗೆ ತೆರೆದ ಮನೆಯೂ ಆಯಿತು. ಪತ್ನಿ ಮಹಾದೇವಿ ದಾಸೋಹಕ್ಕೆ ಹೆಗಲು ಕೊಟ್ಟರು.

ಮುಂದೆ ಹುಟ್ಟೂರು ತೊರೆದು ಕಲಬುರಗಿಯಲ್ಲಿ ನೆಲೆಸಿದ ಶರಣರಿಗೆ ದೊಡ್ಡಪ್ಪಗೌಡರ ಆಶ್ರಯ ದೊರೆಯಿತು. ಜಾತಿ ಕೇಳದ ದಾಸೋಹ ಅಲ್ಲಿಯೂ ನಡೆಯಿತು. 1822ರಲ್ಲಿ ಅವರು ಲಿಂಗೈಕ್ಯರಾದರು. ಪರಿಸರದ ಕುರಿತು ಚರ್ಚಿಸಲು ರಾಷ್ಟ್ರಗಳು ಸ್ಟಾಕ್‌ಹೋಮ್‌ನಲ್ಲಿ ಸಭೆ ಸೇರಿದ್ದು ಅದಾಗಿ ಸರಿಯಾಗಿ 150 ವರ್ಷಗಳ ಬಳಿಕ, 1972ರಲ್ಲಿ. ಆ ಸಭೆಯ ನೆನಪಿಗೇ ಜೂನ್ 5 ವಿಶ್ವ ಪರಿಸರ ದಿನವಾಯಿತು.

ಈ ನಡುವೆ ಶರಣರ ಸೀಮೆ ಬಹಳ ಬದಲಾಗಿದೆ. ಜೋಳದ ಹೊಲಗಳನ್ನು ತೊಗರಿಯೂ ಕಬ್ಬೂ ಆಕ್ರಮಿಸಿವೆ. ಆಳಂದದ ಅಮರ್ಜಾ ನದಿಯನ್ನು ಗಾಣಗಾಪುರದ ಬಳಿ ಕೂಡಿಕೊಂಡು ಸಾಗುವ ಭೀಮೆ ಬೇಸಿಗೆಯಲ್ಲಿ ಸೊರಗುತ್ತಾಳೆ. ಅದೇ ಭೀಮೆ 2020ರ ಅಕ್ಟೋಬರ್‌ನಲ್ಲಿ ಉಕ್ಕಿ ಅಫಜಲಪುರ, ಜೇವರ್ಗಿಯ ಹೊಲಗಳನ್ನು ಮುಳುಗಿಸಿದಳು.

ಹೋಳಿ ಹುಣ್ಣಿಮೆಯ ಐದನೆಯ ದಿನ ಕಲಬುರಗಿಯಲ್ಲಿ ಶರಣರ ರಥೋತ್ಸವ. ಹಿಂಗಾರಿ ರಾಶಿ ಮುಗಿಸಿದ ಹಳ್ಳಿಗರು ಆ ದಿನ ಸಾಗರದಂತೆ ಸೇರುತ್ತಾರೆ. ಗುಡಿಯ ಪಕ್ಕದಲ್ಲೇ ಅವರ ಹೆಸರಿನ ಕೆರೆಯಿದೆ; ಬಿಸಿಲೇರುವ ಆ ದಿನಗಳಲ್ಲಿ ಹಕ್ಕಿಗಳು ನೀರಿಗಾಗಿ ಅಲ್ಲಿಗೆ ಬರುತ್ತವೆ.