ಶಿಲ್ಪಿ ಜ್ಯಾಗರ್

ಯುದ್ಧ ಮುಗಿದ ಮೇಲೆ ಗೆದ್ದ ನಾಡುಗಳು ಸ್ಮಾರಕಗಳನ್ನು ನಿಲ್ಲಿಸುತ್ತವೆ. ಅಲ್ಲಿ ರೆಕ್ಕೆಯುಳ್ಳ ಜಯದೇವತೆ ಇರುತ್ತಾಳೆ, ಕುದುರೆಯೇರಿದ ಸೇನಾನಿ ಇರುತ್ತಾನೆ, ಕಲ್ಲಿನಲ್ಲಿ ಕಡೆದ ಹೂಮಾಲೆಗಳಿರುತ್ತವೆ. ಸತ್ತವನು ಮಾತ್ರ ಇರುವುದಿಲ್ಲ. ಅವನ ಹೆಸರು ಹಲಗೆಯ ಮೇಲೆ ಒಂದು ಸಾಲಾಗಿ ನಿಂತರೆ ಅದೇ ಹೆಚ್ಚು. ಈ ರೂಢಿಯನ್ನು ಒಲ್ಲದೆ, ಸತ್ತವನನ್ನೇ ತಂದು ಸ್ಮಾರಕದ ಮೇಲೆ ಮಲಗಿಸಿದ ಇಂಗ್ಲಿಷ್ ಶಿಲ್ಪಿಯೊಬ್ಬನಿದ್ದ. ಅವನೇ ಚಾರ್ಲ್ಸ್ ಸಾರ್ಜೆಂಟ್ ಜ್ಯಾಗರ್. ಇತಿಹಾಸದ ತರಗತಿಯಲ್ಲಿ ನಾವು ಮೊದಲನೆಯ ಮಹಾಯುದ್ಧದ ಕಾರಣಗಳನ್ನೂ ಕೌಲುಗಳನ್ನೂ ಓದುತ್ತೇವೆ. ಆ ಯುದ್ಧದ ಮನುಷ್ಯನನ್ನು ಕಂಚಿನಲ್ಲಿ ಉಳಿಸಿಕೊಟ್ಟವನ ಬಾಳನ್ನು ನನಗೆ ತಿಳಿದ ಮಟ್ಟಿಗೆ ಸಹಪಾಠಿಗಳ ಮುಂದೆ ಇಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಜ್ಯಾಗರ್ ಹುಟ್ಟಿದ್ದು 1885ರ ಡಿಸೆಂಬರಿನಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಕಿಲ್ನ್‌ಹರ್ಸ್ಟ್ ಎಂಬ ಊರಿನಲ್ಲಿ. ಅದು ಕಲ್ಲಿದ್ದಲಿನ ನಾಡು. ತಂದೆ ಗಣಿಯೊಂದರ ವ್ಯವಸ್ಥಾಪಕನಾಗಿದ್ದ. ಮಕ್ಕಳಿಗೆ ಮಾತ್ರ ಕಲೆಯ ಹುಚ್ಚು. ತಮ್ಮ ಡೇವಿಡ್ ಮತ್ತು ಸೋದರಿ ಈಡಿತ್ ಇಬ್ಬರೂ ಮುಂದೆ ಚಿತ್ರಕಲಾವಿದರಾದರು. ಚಾರ್ಲ್ಸ್ ಹದಿನಾಲ್ಕನೆಯ ವಯಸ್ಸಿಗೇ ಶೆಫೀಲ್ಡ್ ನಗರದ ಮ್ಯಾಪಿನ್ ಅಂಡ್ ವೆಬ್ ಎಂಬ ಬೆಳ್ಳಿಸಾಮಾನಿನ ಕಂಪನಿಯಲ್ಲಿ, ಲೋಹದ ಮೇಲೆ ಕೆತ್ತನೆ ಮಾಡುವ ಕೆಲಸ ಕಲಿಯಲು ಸೇರಿದ. ಹಗಲೆಲ್ಲ ದುಡಿಮೆ, ಸಂಜೆ ಶೆಫೀಲ್ಡ್ ಕಲಾಶಾಲೆಯಲ್ಲಿ ಪಾಠ. ಹೀಗೆ ವರ್ಷಗಳು ಕಳೆದ ಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗೆ ಪ್ರವೇಶ ದೊರೆಯಿತು. ಅಲ್ಲಿ ಲಾಂಟೆರಿ ಎಂಬ ಹೆಸರಾಂತ ಗುರುವಿನ ಬಳಿ ಶಿಲ್ಪವಿದ್ಯೆಯನ್ನು ಅಭ್ಯಾಸ ಮಾಡಿದ.

ಕೈಕೆಲಸದಿಂದ ವಿದ್ಯೆಗೆ ಬಂದವನ ಈ ದಾರಿ ನನಗೆ ದೂರದ್ದೆನಿಸುವುದಿಲ್ಲ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ನಮ್ಮ ತಂದೆಯವರು ಗಾರೆ ಕೆಲಸದವರು. ಮೈಮುರಿದು ದುಡಿಯುವವರು ಓದನ್ನು ಎಷ್ಟು ದೊಡ್ಡದೆಂದು ಎಣಿಸುತ್ತಾರೆಂಬುದನ್ನು ನಾನು ಬಲ್ಲೆ. ಆದರೆ ಓದು ದೊರೆತ ಮೇಲೆ ದುಡಿಮೆಯನ್ನು ಮರೆಯುವವರೇ ಹೆಚ್ಚು. ಜ್ಯಾಗರ್ ಮರೆಯಲಿಲ್ಲ. ಅವನ ಕಲೆಯ ಗುಟ್ಟು ಇದರಲ್ಲಿಯೇ ಇದೆಯೆಂದು ನನ್ನ ನಂಬಿಕೆ.

1914ರಲ್ಲಿ ಅವನಿಗೆ ರೋಮ್ ಪಾರಿತೋಷಕ ಬಂದಿತು. ರೋಮ್ ನಗರದಲ್ಲಿ ನೆಲಸಿ, ಪ್ರಾಚೀನರ ಶಿಲ್ಪಗಳ ನಡುವೆ ಅಭ್ಯಾಸ ಮಾಡುವ ಅವಕಾಶವದು. ಯುವ ಶಿಲ್ಪಿಗೆ ಅದಕ್ಕಿಂತ ದೊಡ್ಡ ಭಾಗ್ಯ ಬೇರೆ ಯಾವುದು? ಆದರೆ ಅದೇ ವರ್ಷ ಯುದ್ಧ ಸಿಡಿಯಿತು. ಅವನು ಆ ಅವಕಾಶವನ್ನು ಬಿಟ್ಟು ಸೈನ್ಯಕ್ಕೆ ಸೇರಿದ. ಮೊದಲು ಆರ್ಟಿಸ್ಟ್ಸ್ ರೈಫಲ್ಸ್ ಪಡೆ. ಆಮೇಲೆ ವೂಸ್ಟರ್‌ಷೈರ್ ರೆಜಿಮೆಂಟಿನಲ್ಲಿ ಅಧಿಕಾರಿ. 1915ರಲ್ಲಿ ಗಲಿಪೊಲಿಯ ಕದನದಲ್ಲಿ ಗುಂಡೇಟು ತಿಂದ. 1918ರಲ್ಲಿ ಪಶ್ಚಿಮ ರಣರಂಗದಲ್ಲಿ ಮತ್ತೊಮ್ಮೆ ಗಾಯಗೊಂಡ. ಶೌರ್ಯಕ್ಕಾಗಿ ಮಿಲಿಟರಿ ಕ್ರಾಸ್ ಪದಕ ದೊರೆಯಿತು. ರೋಮಿನಲ್ಲಿ ಕಲಿಯಬೇಕಾಗಿದ್ದ ಮಾನವ ಶರೀರದ ಪಾಠವನ್ನು ಅವನು ಕಂದಕಗಳ ಕೆಸರಿನಲ್ಲಿ ಕಲಿತನೆಂದು ಹೇಳಬಹುದು.

ಯುದ್ಧದಿಂದ ಮರಳಿದ ಕೂಡಲೇ ಅವನು ಕೈಹಚ್ಚಿದ ಕೃತಿಗಳಲ್ಲಿ ನೋ ಮ್ಯಾನ್ಸ್ ಲ್ಯಾಂಡ್ ಎಂಬ ಕಂಚಿನ ಉಬ್ಬುಶಿಲ್ಪವೊಂದು. ಎರಡು ಸೈನ್ಯಗಳ ನಡುವಿನ, ಯಾರದೂ ಅಲ್ಲದ ನೆಲವದು. ಮುಳ್ಳುತಂತಿ, ಮುರಿದ ಗೂಟ, ಚೆಲ್ಲಾಡಿದ ಹೆಣಗಳು. ಅವುಗಳ ನಡುವೆ ಬದುಕಿರುವ ಸೈನಿಕನೊಬ್ಬ ಮಲಗಿ, ಶತ್ರುವಿನ ಕಡೆಯ ಸದ್ದಿಗೆ ಕಿವಿಗೊಟ್ಟಿದ್ದಾನೆ. ಸತ್ತವರ ನಡುವೆ ಸತ್ತವನಂತೆ ಬಿದ್ದಿರುವುದೇ ಅವನ ಕರ್ತವ್ಯ. ಇಲ್ಲಿ ಜಯದೇವತೆಗೆ ನಿಲ್ಲಲೂ ಸ್ಥಳವಿಲ್ಲ.

1922ರಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆ ಕಂಪನಿಯವರು ಯುದ್ಧದಲ್ಲಿ ಮಡಿದ ತಮ್ಮ 2,524 ಜನ ನೌಕರರ ನೆನಪಿಗಾಗಿ ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಲ್ಲಿ ಸ್ಮಾರಕ ಮಾಡಿಸಿದರು. ಒಂದನೆಯ ಪ್ಲಾಟ್‌ಫಾರಮಿನ ಬದಿಗೆ ಜ್ಯಾಗರ್ ನಿಲ್ಲಿಸಿದ್ದು ಏನನ್ನು? ಹೆಗಲ ಮೇಲೆ ದಪ್ಪ ಕೋಟು ಹೊದ್ದು, ಕತ್ತಿಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡು, ತಲೆ ಬಾಗಿಸಿ ಕಾಗದವೊಂದನ್ನು ಓದುತ್ತಿರುವ ಸಾಮಾನ್ಯ ಸೈನಿಕನನ್ನು. ಕೈಯಲ್ಲಿ ಆಯುಧವಿಲ್ಲ. ಕಾಗದ ಬರೆದವರು ತಾಯಿಯೋ ಹೆಂಡತಿಯೋ ನಮಗೆ ತಿಳಿಯದು. ಜನರು ಬಂದು ಹೋಗುವ, ಬೀಳ್ಕೊಡುವ ಸ್ಥಳದಲ್ಲಿ ಇದಕ್ಕಿಂತ ಉಚಿತವಾದ ವಿಗ್ರಹವನ್ನು ಊಹಿಸಲಾರೆವು.

ಅವನ ಮೇರುಕೃತಿ ಲಂಡನ್ನಿನ ಹೈಡ್ ಪಾರ್ಕ್ ಕಾರ್ನರ್‌ನಲ್ಲಿರುವ ರಾಯಲ್ ಆರ್ಟಿಲರಿ ಸ್ಮಾರಕ. ಫಿರಂಗಿ ದಳದ 49,076 ಮಂದಿ ಮೃತರಿಗಾಗಿ ವಾಸ್ತುಶಿಲ್ಪಿ ಲಯನೆಲ್ ಪಿಯರ್ಸನ್‌ನೊಡನೆ ಅವನು ರಚಿಸಿದ ಈ ಸ್ಮಾರಕ 1925ರ ಅಕ್ಟೋಬರಿನಲ್ಲಿ ಅನಾವರಣಗೊಂಡಿತು. ಮೇಲೆ ಕಲ್ಲಿನಲ್ಲಿ ಕಡೆದ ಬೃಹತ್ ಹೊವಿಟ್ಜರ್ ಫಿರಂಗಿ. ಸುತ್ತಲೂ ನಾಲ್ಕು ಕಂಚಿನ ವಿಗ್ರಹಗಳು: ಒಬ್ಬ ಅಧಿಕಾರಿ, ಒಬ್ಬ ಕುದುರೆ ಸಾರಥಿ, ಒಬ್ಬ ಗುಂಡು ಹೊರುವವ, ನಾಲ್ಕನೆಯವನು ಹೆಣ. ಮುಖದ ಮೇಲೆ ಕೋಟು ಹೊದಿಸಿದೆ, ಎದೆಯ ಮೇಲೆ ಶಿರಸ್ತ್ರಾಣವಿದೆ. ಮುಖ ಕಾಣದ್ದರಿಂದ ಅವನು ಯಾರ ಮಗನಾದರೂ ಆಗಬಹುದು.

ಈ ಹೆಣದ ಬಗ್ಗೆ ವಿವಾದವೆದ್ದಿತು. ಸತ್ತವನನ್ನು ಇಷ್ಟು ಬಯಲಾಗಿ ತೋರಿಸುವುದೇ, ತಾಯಂದಿರು ಇದನ್ನು ನೋಡಿ ಸಹಿಸುವರೇ, ಎಂಬ ಅಳುಕು ಸ್ಮಾರಕ ಸಮಿತಿಯವರಿಗೆ. ಜ್ಯಾಗರ್ ಜಗ್ಗಲಿಲ್ಲ. ಬೇಕಾದರೆ ಅದನ್ನು ಎರಕ ಹೊಯ್ಯಿಸುವ ವೆಚ್ಚವನ್ನು ತಾನೇ ಭರಿಸುವೆನೆಂದ. ಕಡೆಗೆ ವಿಗ್ರಹ ಉಳಿಯಿತು. ಅನಾವರಣದ ನಂತರ ಪತ್ರಿಕೆಗಳಲ್ಲಿ ಟೀಕೆಗಳೂ ಬಂದವು. ಆದರೆ ಯುದ್ಧವನ್ನು ಕಣ್ಣಾರೆ ಕಂಡು ಬಂದ ಮಾಜಿ ಸೈನಿಕರಲ್ಲಿ ಅನೇಕರು ಅದನ್ನು ಮೆಚ್ಚಿಕೊಂಡರು.

ನಾನು ಲಂಡನ್ ನೋಡಿದವನಲ್ಲ. ಛಾಯಾಚಿತ್ರಗಳಷ್ಟೇ ನನಗೆ ಆಧಾರ. ಆದರೂ ಗುಂಡು ಹೊರುವವನ ಚಿತ್ರವನ್ನು ನೋಡಿದಾಗಲೆಲ್ಲ ಅವನ ಹೆಗಲಿನ ಇಳುಕಲು ನನ್ನನ್ನು ತಡೆದು ನಿಲ್ಲಿಸುತ್ತದೆ. ಸಿಮೆಂಟಿನ ಚೀಲ ಹೊತ್ತು ಮಾಳಿಗೆ ಹತ್ತಿದವರ ಹೆಗಲು ಸಂಜೆಗೆ ಇಳಿಯುವುದು ಹಾಗೆಯೇ. ಜ್ಯಾಗರ್‌ನ ಸೈನಿಕನು ಮೊದಲು ಕೂಲಿ, ಆಮೇಲೆ ವೀರ. ಭಾರ ಹೊರುವುದೇ ಅವನ ಯುದ್ಧ. ಇದನ್ನು ಕಂಚಿನಲ್ಲಿ ಹೇಳಬೇಕಾದರೆ ಭಾರವೆಂದರೇನೆಂದು ಶಿಲ್ಪಿಯ ಮೈಗೆ ತಿಳಿದಿರಬೇಕು.

ಇವನ ಕೆಲಸದ ಇನ್ನೊಂದು ಭಾಗ ನಮ್ಮ ದೇಶಕ್ಕೆ ಸಂಬಂಧಿಸಿದ್ದು. ಹೊಸದೆಹಲಿ ಕಟ್ಟುತ್ತಿದ್ದ ಕಾಲದಲ್ಲಿ ವೈಸರಾಯ್ ಭವನಕ್ಕೆ, ಎಂದರೆ ಇಂದಿನ ರಾಷ್ಟ್ರಪತಿ ಭವನಕ್ಕೆ, ಕಲ್ಲಿನ ಆನೆಗಳನ್ನು ರೂಪಿಸಿದವನು ಇವನೇ. ವೈಸರಾಯರಾದ ಹಾರ್ಡಿಂಜ್ ಮತ್ತು ರೀಡಿಂಗ್ ಅವರ ಪ್ರತಿಮೆಗಳೂ ಇವನವೇ. ಇವೆಲ್ಲ ಪ್ರಭುಗಳಿಗಾಗಿ ಮಾಡಿದ ಕೆಲಸ. ನಿಲುವಂಗಿಯ ಮಡಿಕೆಗಳಲ್ಲಿ ಕೈಚಳಕವಿದೆ; ಪ್ಯಾಡಿಂಗ್ಟನ್ನಿನ ಸೈನಿಕನ ಎದೆಬಡಿತ ನನಗೆ ಅಲ್ಲಿ ಕೇಳಿಸದು. ಅದು ಕೇಳಿಸುವ ಕೃತಿಯೊಂದು ನಮ್ಮವರಿಗಾಗಿಯೇ ಇದ್ದಿತು. ಸೂಯೆಜ್ ಕಾಲುವೆಯ ದಕ್ಷಿಣ ತುದಿಯ ಪೋರ್ಟ್ ತೌಫೀಕ್‌ನಲ್ಲಿ, ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್ ಕದನಗಳಲ್ಲಿ ಮಡಿದ ಸುಮಾರು 4,000 ಭಾರತೀಯ ಯೋಧರ ಸ್ಮಾರಕವನ್ನು 1926ರಲ್ಲಿ ನಿಲ್ಲಿಸಿದರು. ನಮ್ಮ ಮೈಸೂರಿನ ಲ್ಯಾನ್ಸರ್ ಪಡೆ ಹೋರಾಡಿದ್ದೂ ಆ ಕದನಗಳಲ್ಲಿಯೇ. ಸ್ಮಾರಕಕ್ಕೆ ಜ್ಯಾಗರ್ ಮಾಡಿಕೊಟ್ಟದ್ದು ಗರ್ಜಿಸುವ ಹುಲಿಗಳನ್ನು. 1967 ಮತ್ತು 1973ರ ನಡುವಣ ಈಜಿಪ್ಟ್–ಇಸ್ರೇಲ್ ಕಾದಾಟದಲ್ಲಿ ಆ ಸ್ಮಾರಕ ಜಖಂಗೊಂಡು ಇಲ್ಲವಾಯಿತು. ಒಂದು ಯುದ್ಧದ ನೆನಪನ್ನು ಇನ್ನೊಂದು ಯುದ್ಧ ನುಂಗಿತು. 1980ರಲ್ಲಿ ಕೈರೋ ಬಳಿಯ ಹೀಲಿಯೊಪೊಲಿಸ್‌ನ ಸಮಾಧಿಸ್ಥಳದಲ್ಲಿ ಆ ಯೋಧರಿಗಾಗಿ ಹೊಸ ಸ್ಮಾರಕವಾಯಿತು. ಹುಲಿಗಳು ಮಾತ್ರ ಹೋದವು.

1934ರ ನವೆಂಬರಿನಲ್ಲಿ ಜ್ಯಾಗರ್ ತೀರಿಕೊಂಡ. ಆಗ ಅವನಿಗೆ ಇನ್ನೂ 48 ವರ್ಷ. ಎರಡು ಸಲ ಗುಂಡಿಗೆ ಸಿಕ್ಕಿದ್ದ ದೇಹ, ಬಿಡುವಿಲ್ಲದ ದುಡಿಮೆ, ಹೃದಯ ನಿಂತಿತು. ಐದನೆಯ ಜಾರ್ಜ್ ದೊರೆಯ ಭಾರಿ ಅಮೃತಶಿಲೆಯ ಪ್ರತಿಮೆಯ ಕೆಲಸ ಆಗ ಅವನ ಕೈಯಲ್ಲಿತ್ತು. ಅದನ್ನು ಇತರರು ಪೂರ್ತಿಗೊಳಿಸಿದರು. 1936ರಲ್ಲಿ ಅದು ದೆಹಲಿಯ ಇಂಡಿಯಾ ಗೇಟ್ ಬಳಿಯ ಮಂಟಪದಲ್ಲಿ ನಿಂತಿತು.

ಮುಂದಿನ ಕಥೆ ನಮಗೆಲ್ಲ ಅರಿವಿರಬೇಕಾದದ್ದು. ಸ್ವತಂತ್ರ ಭಾರತದಲ್ಲಿ ಆ ದೊರೆಗೆ ಆ ಸ್ಥಳ ಸಲ್ಲುವಂತಿರಲಿಲ್ಲ. 1968ರಲ್ಲಿ ಪ್ರತಿಮೆಯನ್ನು ತೆಗೆದು ಊರಾಚೆಯ ಕಾರೊನೇಷನ್ ಪಾರ್ಕಿಗೆ ಸಾಗಿಸಿದರು. ಮಂಟಪ 54 ವರ್ಷ ಬರಿದಾಗಿತ್ತು. 2022ರ ಸೆಪ್ಟೆಂಬರಿನಲ್ಲಿ ಅಲ್ಲಿ ನೇತಾಜಿ ಸುಭಾಷ್‌ಚಂದ್ರ ಬೋಸರ 28 ಅಡಿಯ ಕಪ್ಪುಶಿಲೆಯ ಪ್ರತಿಮೆ ನಿಂತಿತು. ಅದನ್ನು ಕೆತ್ತಿದ ತಂಡದ ಮುಂದಾಳು ನಮ್ಮ ಮೈಸೂರಿನ ಅರುಣ್ ಯೋಗಿರಾಜ್ ಅವರು. ಯಾರ್ಕ್‌ಷೈರಿನ ಶಿಲ್ಪಿಯ ದೊರೆ ತೆರವು ಮಾಡಿದ ಸ್ಥಳವನ್ನು ಕನ್ನಡ ನಾಡಿನ ಉಳಿ ತುಂಬಿತು. ಇದು ಯಾರ ಸೋಲೂ ಅಲ್ಲ, ಕಾಲದ ನ್ಯಾಯ.

ಅದೇ ಶಿಲ್ಪಿಯ ಪ್ಯಾಡಿಂಗ್ಟನ್ನಿನ ಸೈನಿಕನ ಪಾಡು ಬೇರೆಯಾಯಿತು. 2014ರಲ್ಲಿ, ಯುದ್ಧ ಆರಂಭವಾಗಿ ನೂರು ವರ್ಷ ತುಂಬಿದಾಗ, ಆ ಸೈನಿಕನು ಓದುತ್ತಿರುವ ಕಾಗದವನ್ನು ನೀವೇ ಬರೆಯಿರಿ ಎಂದು ಬ್ರಿಟನ್ನಿನ ಇಬ್ಬರು ಸಾಹಿತಿಗಳು ಜನರನ್ನು ಕೇಳಿಕೊಂಡರು. 20,000ಕ್ಕೂ ಮಿಕ್ಕಿ ಕಾಗದಗಳು ಬಂದವು. ಬರೆದವರಲ್ಲಿ ಶಾಲೆಯ ಮಕ್ಕಳಿದ್ದರು, ಮುದುಕರಿದ್ದರು, ಪ್ರಸಿದ್ಧ ಲೇಖಕರೂ ಇದ್ದರು. ಹೆಸರಿಲ್ಲದ ಕಂಚಿನ ಮನುಷ್ಯನಿಗೆ ಇಷ್ಟು ಜನ ಬಂಧುಗಳಾದರು.

ಪ್ರಭುವಿನ ಪ್ರತಿಮೆಯನ್ನು ಅಧಿಕಾರ ನಿಲ್ಲಿಸುತ್ತದೆ. ಅಧಿಕಾರ ಬದಲಾದಾಗ ಅದು ಕದಲುತ್ತದೆ. ದುಡಿದು ದಣಿದವನ, ಕಾಗದಕ್ಕೆ ಕಾದವನ, ಮುಖ ಮುಚ್ಚಿಕೊಂಡು ಮಲಗಿದವನ ವಿಗ್ರಹವನ್ನು ಕದಲಿಸಬೇಕೆಂದು ಯಾರಿಗೂ ತೋರುವುದಿಲ್ಲ; ಅದನ್ನು ನೋಡಿದವರಿಗೆಲ್ಲ ತಮ್ಮ ಮನೆಯವನೊಬ್ಬ ನೆನಪಾಗುತ್ತಾನೆ. ಜ್ಯಾಗರ್ ಎರಡು ಬಗೆಯ ಕೆಲಸವನ್ನೂ ಮಾಡಿದ. ಯಾವುದು ಉಳಿಯಿತೆಂಬುದು ನಮ್ಮ ಕಣ್ಣೆದುರಿಗೇ ಇದೆ.