ಆಲೂರು ವೆಂಕಟರಾಯರು

ಆಲೂರು ವೆಂಕಟರಾಯರು (12 ಜುಲೈ 1880 – 25 ಫೆಬ್ರವರಿ 1964) ಕರ್ನಾಟಕ ಏಕೀಕರಣ ಚಳವಳಿಯ ಪ್ರವರ್ತಕರು, ಲೇಖಕರು ಹಾಗೂ ಪತ್ರಕರ್ತರು. 'ಕನ್ನಡದ ಕುಲಪುರೋಹಿತ' ಎಂಬ ಬಿರುದಿನಿಂದ ನಾಡಿಗೆ ಪರಿಚಿತರು. ಯೌವನದಲ್ಲಿ ತಾವು ಕಂಡ ಕನಸು ಕೈಗೂಡಿದ್ದನ್ನು 76ನೆಯ ವಯಸ್ಸಿನಲ್ಲಿ ಕಣ್ಣಾರೆ ಕಂಡ ಭಾಗ್ಯ ಇವರದು.

ಜನನ ಮತ್ತು ಶಿಕ್ಷಣ

ವೆಂಕಟರಾಯರು ಜನಿಸಿದ್ದು ವಿಜಾಪುರದಲ್ಲಿ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ ಪದವಿ ಪಡೆದರು; ಮುಂಬಯಿಯಲ್ಲಿ ಕಾನೂನು ಪದವಿ ಗಳಿಸಿ ಧಾರವಾಡದಲ್ಲಿ ವಕೀಲಿ ವೃತ್ತಿಯನ್ನು ಆರಂಭಿಸಿದರು. ಪುಣೆಯ ವಾಸದಲ್ಲಿ ಲೋಕಮಾನ್ಯ ತಿಲಕರ ಪ್ರಭಾವಕ್ಕೆ ಒಳಗಾದರು. ತಿಲಕರ 'ಗೀತಾರಹಸ್ಯ'ವನ್ನು ಮುಂದೆ ಕನ್ನಡಕ್ಕೆ ತಂದವರೂ ಇವರೇ.

ಹಂಚಿಹೋಗಿದ್ದ ನಾಡು

ಇಂದಿನ ವಿದ್ಯಾರ್ಥಿಗಳಿಗೆ ಅಂದಿನ ಸ್ಥಿತಿಯನ್ನು ಊಹಿಸಿಕೊಳ್ಳುವುದು ಕಷ್ಟ. ಕನ್ನಡ ಮಾತನಾಡುವ ಜನರು ಮುಂಬಯಿ ಪ್ರಾಂತ, ಮದರಾಸು ಪ್ರಾಂತ, ನಿಜಾಮರ ಹೈದರಾಬಾದು, ಮೈಸೂರು ಸಂಸ್ಥಾನ, ಕೊಡಗು ಮತ್ತು ಹಲವು ಚಿಕ್ಕಪುಟ್ಟ ಸಂಸ್ಥಾನಗಳಲ್ಲಿ ಹಂಚಿಹೋಗಿದ್ದರು. ಮೈಸೂರನ್ನು ಬಿಟ್ಟರೆ ಉಳಿದ ದೊಡ್ಡ ಆಡಳಿತಗಳಲ್ಲಿ ಅವರು ಅಲ್ಪಸಂಖ್ಯಾತರು. ಧಾರವಾಡದ ಕಡೆ ಮರಾಠಿಯ ಪ್ರಾಬಲ್ಯ, ಕಲಬುರ್ಗಿಯ ಕಡೆ ಉರ್ದುವಿನ ಪ್ರಾಬಲ್ಯ. ತಮ್ಮದೂ ಒಂದು ನಾಡು, ಅದಕ್ಕೂ ಒಂದು ಇತಿಹಾಸವಿದೆ ಎಂಬ ಅರಿವೇ ಜನರಲ್ಲಿ ಮಸುಕಾಗಿತ್ತು. ವೆಂಕಟರಾಯರನ್ನು ನೋಯಿಸಿದ್ದು ಈ ಮರೆವು. ವಿಜಯನಗರದ ಹಾಳು ಅವಶೇಷಗಳ ದರ್ಶನ ಅವರ ಬದುಕಿನ ದಿಕ್ಕನ್ನೇ ಬದಲಿಸಿತು. 1905ರ ಬಂಗಾಳ ವಿಭಜನೆಯ ವಿರುದ್ಧ ಎದ್ದ ಚಳವಳಿಯೂ ಅವರನ್ನು ಪ್ರೇರೇಪಿಸಿತು.

ಏಕೀಕರಣದ ಕಾರ್ಯ

ಕರ್ನಾಟಕ ವಿದ್ಯಾವರ್ಧಕ ಸಂಘದ 'ವಾಗ್ಭೂಷಣ' ಪತ್ರಿಕೆಯನ್ನು ಅವರು ಸಂಪಾದಿಸಿದರು. ಗ್ರಂಥಕರ್ತರನ್ನು ಒಂದೆಡೆ ಸೇರಿಸಿದರು. ಊರೂರು ಸುತ್ತಿ ಭಾಷಣ ಮಾಡಿದರು. 1917ರಲ್ಲಿ ಪ್ರಕಟವಾದ 'ಕರ್ನಾಟಕ ಗತವೈಭವ' ಅವರ ಅತ್ಯಂತ ಪ್ರಸಿದ್ಧ ಕೃತಿ. ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ವಿಜಯನಗರ ಅರಸರ ಕಥೆಯನ್ನು ಅದು ಸಾಮಾನ್ಯ ಓದುಗನ ಮುಂದಿಟ್ಟಿತು. ಇಂದಿನ ಇತಿಹಾಸಕಾರರಿಗೆ ಅದರಲ್ಲಿ ಭಾವೋದ್ರೇಕ ಹೆಚ್ಚೆನಿಸಬಹುದು. ಆದರೆ ಅದು ಬರೆದದ್ದೇ ಜನರನ್ನು ಎಚ್ಚರಿಸಲು. 1922ರಲ್ಲಿ 'ಜಯಕರ್ನಾಟಕ' ಪತ್ರಿಕೆಯನ್ನು ಆರಂಭಿಸಿದರು. 1930ರಲ್ಲಿ ಮೈಸೂರಿನಲ್ಲಿ ಜರುಗಿದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ಕರ್ನಾಟಕತ್ವವು ಭಾರತೀಯತೆಗೆ ವಿರೋಧಿಯಲ್ಲ, ಅದರದೇ ಅಂಗ ಎಂಬುದು ಅವರು ಜೀವನವಿಡೀ ಪ್ರತಿಪಾದಿಸಿದ ವಿಚಾರ.

1956ರ ನವೆಂಬರ್ 1

ಸ್ವಾತಂತ್ರ್ಯ ಬಂದ ಕೂಡಲೇ ಏಕೀಕರಣ ಆಗಲಿಲ್ಲ. 1953ರಲ್ಲಿ ಅದರಗುಂಚಿ ಶಂಕರಗೌಡರು ಉಪವಾಸ ಕೈಗೊಂಡರು. ಹುಬ್ಬಳ್ಳಿಯಲ್ಲಿ ಜನರು ರೊಚ್ಚಿಗೆದ್ದರು. ಫಜಲ್ ಅಲಿ ಆಯೋಗದ ವರದಿಯ ನಂತರ, 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಅಸ್ತಿತ್ವಕ್ಕೆ ಬಂದಿತು. ಎಸ್. ನಿಜಲಿಂಗಪ್ಪನವರು ಅದರ ಮೊದಲ ಮುಖ್ಯಮಂತ್ರಿಗಳಾದರು.

ಈ ಸಂದರ್ಭದಲ್ಲಿ ಹಂಪಿಯಲ್ಲಿ ನಡೆದ ಉತ್ಸವದಲ್ಲಿ ವೆಂಕಟರಾಯರನ್ನು ಸನ್ಮಾನಿಸಲಾಯಿತು. ವಿರೂಪಾಕ್ಷ ದೇವಾಲಯದಲ್ಲಿ ಅವರು ತಾವೇ ಭುವನೇಶ್ವರಿಯ ಪೂಜೆ ನೆರವೇರಿಸಿದರು. ಯಾವ ಹಾಳೂರು ತರುಣ ವಕೀಲನೊಬ್ಬನ ಮನಸ್ಸನ್ನು ಕಲಕಿತ್ತೋ ಅಲ್ಲಿಯೇ ವೃದ್ಧನಾಗಿ ನಿಂತು ಅವರು ಒಂದಾದ ನಾಡನ್ನು ಕಂಡರು. ಈ ಹೋರಾಟದಲ್ಲಿ ದುಡಿದ ಅನೇಕರು ಆ ದಿನ ಬದುಕಿರಲಿಲ್ಲ.

ಅಂದಿನ ಸಂತೋಷ ಪರಿಪೂರ್ಣವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಕಾಸರಗೋಡು ಕೇರಳಕ್ಕೆ ಸೇರಿತ್ತು. ಸೊಲ್ಲಾಪುರ, ಅಕ್ಕಲಕೋಟೆಗಳು ಹೊರಗುಳಿದಿದ್ದವು. ಹೊಸ ರಾಜ್ಯದ ಹೆಸರು ಮೈಸೂರು ಎಂದೇ ಉಳಿಯಿತು. ಆದರೂ ಮುಂದಿನ ತಲೆಮಾರಿಗೆ ದೊರೆತದ್ದು ಅಲ್ಪವೇನಲ್ಲ. ಬೀದರಿನ ಮಗುವೂ ಮಂಗಳೂರಿನ ಮಗುವೂ ಒಂದೇ ರಾಜ್ಯದ ಪ್ರಜೆಗಳಾದರು; ಕನ್ನಡವು ಕ್ರಮೇಣ ಅವರ ಸರ್ಕಾರದ ಭಾಷೆಯಾಯಿತು.

ನಿಧನ

ವೆಂಕಟರಾಯರು 1964ರ ಫೆಬ್ರವರಿ 25ರಂದು ನಿಧನರಾದರು. 'ನನ್ನ ಜೀವನ ಸ್ಮೃತಿಗಳು' ಅವರ ಆತ್ಮಕಥನ. ಧಾರವಾಡದ ಆಲೂರು ವೆಂಕಟರಾವ್ ಸಭಾಭವನ ಮತ್ತು ಬೆಂಗಳೂರಿನ ಆಲೂರು ವೆಂಕಟರಾವ್ ರಸ್ತೆ ಅವರ ಹೆಸರನ್ನು ಹೊತ್ತಿವೆ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಡಿ. ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ; ಅದನ್ನು ಕಾಣಲು ಆಲೂರರು ಇರಲಿಲ್ಲ.