ಹೆಸರನ್ನು ಬಯಸದ ಸೇವೆ: ಸಂತ ಜೋಸೆಫ್ ವಾಜ್

ಒಂದು ದೇವಾಲಯವು ನೂರು ವರ್ಷಗಳನ್ನು ಪೂರೈಸಿದೆಯೆಂದರೆ ಅದರ ಹಿಂದೆ ಅನೇಕರ ಪ್ರಾರ್ಥನೆ, ದುಡಿಮೆ ಹಾಗೂ ದಾನಗಳಿವೆ. ಆದರೆ ದೇವರಿಗಾಗಿ ನಾವು ಮಾಡುವ ಕಾರ್ಯವನ್ನು ಯಾವ ಉದ್ದೇಶದಿಂದ ಮಾಡುತ್ತೇವೆ? ಜನರು ಕಾಣಲೆಂದೋ, ದೇವರು ಕಂಡರೆ ಸಾಕೆಂದೋ? ಪರ್ವತ ಪ್ರಬೋಧನೆಯಲ್ಲಿ ಯೇಸುಸ್ವಾಮಿಯು ದಾನ, ಪ್ರಾರ್ಥನೆ, ಉಪವಾಸಗಳ ಕುರಿತು ಬೋಧಿಸುವಾಗ ನಮ್ಮ ಮುಂದಿರಿಸಿದ ಪ್ರಶ್ನೆ ಇದೇ. ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರವಿತ್ತವರು ನಮ್ಮ ಕರಾವಳಿಯ ಮಣ್ಣನ್ನು ತುಳಿದ ಸಂತ ಜೋಸೆಫ್ ವಾಜರು.

ಇವರು 1651ನೆಯ ಇಸವಿ ಏಪ್ರಿಲ್ 21ರಂದು ಗೋವೆಯ ಬಾಣಾವಲಿಯಲ್ಲಿ ಜನಿಸಿದರು. ಗೋವೆಯಲ್ಲಿಯೇ ವಿದ್ಯಾಭ್ಯಾಸ ಮುಗಿಸಿ 1676ರಲ್ಲಿ ಗುರುದೀಕ್ಷೆ ಪಡೆದರು. ಬೋಧಕರಾಗಿಯೂ ಪಾಪನಿವೇದನೆ ಕೇಳುವ ಗುರುಗಳಾಗಿಯೂ ಅವರ ಕೀರ್ತಿ ಬೇಗನೆ ಹಬ್ಬಿತು. ಅವರಾದರೋ ಪಾದರಕ್ಷೆಯನ್ನೂ ತ್ಯಜಿಸಿ ಬಡವರಂತೆ ಬಾಳತೊಡಗಿದರು. 1677ರ ಆಗಸ್ಟ್ 5ರಂದು ತಮ್ಮನ್ನು ಮಾತೆ ಮರಿಯಮ್ಮನವರ ದಾಸನೆಂದು ಒಪ್ಪಿಸಿಕೊಟ್ಟು ಪತ್ರವೊಂದನ್ನು ಬರೆದು ಸಹಿ ಹಾಕಿದರು. ದಾಸನಿಗೆ ತನ್ನದೆಂಬುದು ಯಾವುದೂ ಇಲ್ಲ, ಹೆಸರೂ ಇಲ್ಲ. ಮುಂದಿನ ಅವರ ಜೀವನವೆಲ್ಲ ಆ ಪತ್ರದ ವಿವರಣೆಯೆಂದು ನಮಗೆ ತೋರುತ್ತದೆ.

1658ರಲ್ಲಿ ಡಚ್ಚರು ಸಿಂಹಳದ ಪೋರ್ಚುಗೀಸ್ ಆಡಳಿತವನ್ನು ಕೊನೆಗಾಣಿಸಿ ಕಥೋಲಿಕ ಗುರುಗಳನ್ನು ಹೊರಗಟ್ಟಿದ್ದರು. ಬಲಿಪೂಜೆಯಾಗಲಿ ಪಾಪನಿವೇದನೆಯಾಗಲಿ ಇಲ್ಲದೆ ಅಲ್ಲಿನ ವಿಶ್ವಾಸಿಗಳು ಕುರುಬನಿಲ್ಲದ ಕುರಿಗಳಾಗಿದ್ದರು. ಅಲ್ಲಿಗೆ ಹೋಗಬೇಕೆಂಬುದೇ ವಾಜರ ಹಂಬಲ. ಆದರೆ ಗೋವೆಯ ಅಧಿಕಾರಿಗಳು 1681ರಲ್ಲಿ ಅವರನ್ನು ಕೆನರಾ ಪ್ರಾಂತಕ್ಕೆ ಮೇಲಧಿಕಾರಿಯಾಗಿ ಕಳುಹಿಸಿದರು. ಸತ್ಕಾರ್ಯದಲ್ಲಿಯೂ ಸ್ವಂತ ಇಚ್ಛೆಯೇ ನಡೆಯಬೇಕೆಂಬ ಹಟ ಅವರಲ್ಲಿರಲಿಲ್ಲ. ತಮ್ಮ ಹಂಬಲವನ್ನು ಬದಿಗಿರಿಸಿ ವಿಧೇಯತೆಯಿಂದ ಹೊರಟರು.

ಅದು ಕೆಳದಿಯ ಚೆನ್ನಮ್ಮ ಆಳುತ್ತಿದ್ದ ಕಾಲ. ಕರಾವಳಿಯ ಕ್ರೈಸ್ತರ ಮೇಲೆ ಅಧಿಕಾರ ಯಾರದು, ಪೋರ್ಚುಗಲ್ ಅರಸನ ಪೋಷಣೆಗೆ ಒಳಪಟ್ಟ ಗೋವೆಯದೋ, ರೋಮಾಪುರಿ ನೇರವಾಗಿ ನೇಮಿಸಿದ ಧರ್ಮಾಧ್ಯಕ್ಷರದೋ ಎಂಬ ವ್ಯಾಜ್ಯದಿಂದ ಜನರು ಎರಡು ಪಕ್ಷಗಳಾಗಿದ್ದರು. ಗೋವೆಯಿಂದ ಬಂದ ವಾಜರು ತಮ್ಮ ಪಕ್ಷದ ಗೆಲುವನ್ನು ಬಯಸಲಿಲ್ಲ. ವಿವಾದದ ನಡುವೆ ವಿಶ್ವಾಸಿಗಳ ಆತ್ಮಗಳು ಸೊರಗಬಾರದೆಂಬುದೇ ಅವರ ಚಿಂತೆ. ಶಾಂತಿಗಾಗಿ ಶ್ರಮಿಸುತ್ತ, ಊರೂರಿಗೆ ನಡೆದು ಸಂಸ್ಕಾರಗಳನ್ನು ನೀಡಿದರು. ದೇವಾಲಯಗಳನ್ನು ಎತ್ತಿ ನಿಲ್ಲಿಸಿದರು. ಮಕ್ಕಳಿಗೆ ಶಾಲೆಗಳನ್ನು ತೆರೆದರು. ಮಂಗಳೂರಿನ ಸಮೀಪದ ಮುಡಿಪು ಗುಡ್ಡದಲ್ಲಿ ಅವರ ನೆನಪು ಇಂದಿಗೂ ಹಸಿರಾಗಿದೆ. ಯಾತ್ರಿಕರು ಅಲ್ಲಿಗೆ ಹೋಗುತ್ತಲೇ ಇದ್ದಾರೆ.

1684ರಲ್ಲಿ ಗೋವೆಗೆ ಮರಳಿದ ವಾಜರು ಮರುವರ್ಷ ಸ್ಥಳೀಯ ಗುರುಗಳ ಒರೆಟರಿ ಸಂಘವನ್ನು ಸೇರಿದರು. ಅಲ್ಲಿಯೂ ಅವರನ್ನೇ ಮುಖ್ಯಸ್ಥರನ್ನಾಗಿ ಆರಿಸಿದರು. ಆ ಸ್ಥಾನವನ್ನು ಬಿಟ್ಟುಕೊಟ್ಟು, ಕೂಲಿಯಾಳಿನ ವೇಷದಲ್ಲಿ ಸೇವಕನೊಬ್ಬನೊಡನೆ 1687ರಲ್ಲಿ ಸಿಂಹಳವನ್ನು ತಲುಪಿದರು. ದಾರಿಯ ಬವಣೆಯಿಂದ ರೋಗಪೀಡಿತರಾಗಿ ಪ್ರಾಣಾಂತಿಕ ಸ್ಥಿತಿಯಲ್ಲಿದ್ದರು. ಚೇತರಿಸಿಕೊಂಡ ಬಳಿಕ ಕೊರಳಲ್ಲಿ ಜಪಮಾಲೆ ಧರಿಸಿ ಜಾಫ್ನಾದ ಬೀದಿಗಳಲ್ಲಿ ಭಿಕ್ಷೆ ಬೇಡಿದರು. ಜಪಮಾಲೆಯನ್ನು ಕಂಡು ಯಾರ ಮುಖ ಅರಳುವುದೋ ಅವರೇ ಗುಪ್ತ ವಿಶ್ವಾಸಿಗಳೆಂದು ಗುರುತಿಸುವುದು ಅವರ ಉಪಾಯ. ರಾತ್ರಿಯ ಹೊತ್ತು ಮನೆಗಳ ಬಾಗಿಲು ಮುಚ್ಚಿ ಬಲಿಪೂಜೆ ಅರ್ಪಿಸುತ್ತಿದ್ದರು. ಗಂಟೆಯ ನಾದವಿಲ್ಲ, ಮೆರವಣಿಗೆಯಿಲ್ಲ, ಹೊಗಳುವವರಿಲ್ಲ. ಆ ಆರಾಧನೆಯಲ್ಲಿ ದೇವರ ಹೊರತು ಬೇರೆ ಉದ್ದೇಶಕ್ಕೆ ಎಡೆಯೇ ಇರಲಿಲ್ಲ.

1692ರಲ್ಲಿ ಕ್ಯಾಂಡಿ ರಾಜ್ಯವನ್ನು ಪ್ರವೇಶಿಸಿದಾಗ ಪೋರ್ಚುಗೀಸರ ಗೂಢಚಾರನೆಂಬ ಆರೋಪದ ಮೇಲೆ ಅವರನ್ನು ಸೆರೆಯಲ್ಲಿಟ್ಟರು. ಸೆರೆಯಲ್ಲಿಯೇ ಸಿಂಹಳ ಭಾಷೆಯನ್ನು ಕಲಿತರು. ಮುಂದೆ ಅನಾವೃಷ್ಟಿ ಒದಗಿದಾಗ ಅವರು ಸಾರ್ವಜನಿಕವಾಗಿ ಪ್ರಾರ್ಥಿಸಲು ಮಳೆ ಸುರಿಯಿತೆಂದೂ, ಬಳಿಕ ಅರಸ ವಿಮಲಧರ್ಮಸೂರ್ಯನು ರಾಜ್ಯದಲ್ಲಿ ಬೋಧಿಸಲು ಅನುಮತಿಯಿತ್ತನೆಂದೂ ಅವರ ಜೀವನಚರಿತ್ರೆಗಳು ತಿಳಿಸುತ್ತವೆ. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿತು. ಸ್ವಂತ ಬಂಧುಗಳೇ ರೋಗಿಗಳನ್ನು ಕಾಡಿನಲ್ಲಿ ತೊರೆದು ಹೋಗುತ್ತಿದ್ದ ಆ ದಿನಗಳಲ್ಲಿ ವಾಜರು ತಮ್ಮ ಸೋದರಳಿಯರಾದ ಗುರು ಜೋಸೆಫ್ ಕರ್ವಾಲೊ ಅವರೊಡನೆ ರೋಗಿಗಳ ಹುಣ್ಣು ತೊಳೆದು, ಅನ್ನವುಣಿಸಿ, ಸತ್ತವರನ್ನು ಮಣ್ಣು ಮಾಡಿದರು. ರೋಗಿಯು ಕ್ರೈಸ್ತನೋ ಬೌದ್ಧನೋ ಎಂದು ಕೇಳಲಿಲ್ಲ. ಮರಳಿ ಏನನ್ನೂ ಕೊಡಲಾಗದವನಿಗೆ ಮಾಡುವ ಸೇವೆಯಲ್ಲಿ ಉದ್ದೇಶದ ಶುದ್ಧತೆ ನಿಚ್ಚಳವಾಗಿ ಕಾಣುತ್ತದೆ.

1705ರ ಸುಮಾರಿಗೆ ಪೋಪರ ಪ್ರತಿನಿಧಿಯು ಅವರನ್ನು ಧರ್ಮಾಧ್ಯಕ್ಷರನ್ನಾಗಿ ಮಾಡಲು ಬಯಸಿದಾಗ ವಾಜರು ಒಪ್ಪದೆ ಗುರುವಾಗಿಯೇ ಉಳಿದರು. ಗೋವೆಗೆ ಮರಳಲೇ ಇಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ದೈವಾಧೀನರಾದರು. ಮರೆಯಲ್ಲಿ ದುಡಿದ ಈ ದಾಸನನ್ನು ಧರ್ಮಸಭೆ ಮರೆಯಲಿಲ್ಲ. ಕೊಲಂಬೊ ನಗರದಲ್ಲಿ 1995ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಅವರನ್ನು ಧನ್ಯರೆಂದೂ, 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಸಂತರೆಂದೂ ಘೋಷಿಸಿದರು.

ಪ್ರಿಯ ವಿಶ್ವಾಸಿಗಳೇ, ಶತಮಾನೋತ್ಸವದ ಈ ಸಂಭ್ರಮದಲ್ಲಿ ನಾವು ನಮ್ಮನ್ನೇ ಪರೀಕ್ಷಿಸಿಕೊಳ್ಳುವುದು ಲೇಸು. ದಾನಿಗಳ ಫಲಕದಲ್ಲಿ ಹೆಸರಿಲ್ಲದಿದ್ದರೂ ನಾವು ಕೊಡುತ್ತಿದ್ದೆವೇ? ಹಬ್ಬದ ಮೆರವಣಿಗೆಯಲ್ಲಿ ಮುಂದಿನ ಸ್ಥಾನ ದೊರೆಯದಿದ್ದರೆ ಮುನಿಸಿಕೊಳ್ಳದೆ ಹಿಂದೆ ನಡೆಯುವೆವೇ? ಸಂಘದ ಚುನಾವಣೆಯಲ್ಲಿ ಸೋತ ಮೇಲೂ ಸಂಘದ ಕೆಲಸಕ್ಕೆ ಬರುವೆವೇ? ಬಲಿಪೀಠದ ಮುಂದೆ ನಿಲ್ಲುವ ಗುರುಗಳಾದ ನಮಗೂ ಈ ಪ್ರಶ್ನೆಗಳಿಂದ ವಿನಾಯಿತಿಯಿಲ್ಲ. ಉದ್ದೇಶ ಪೂರ್ಣ ಶುದ್ಧವಾಗುವ ತನಕ ಸೇವೆಯನ್ನು ನಿಲ್ಲಿಸಬೇಕೆಂದಲ್ಲ. ಸೇವೆ ಮಾಡುತ್ತಲೇ ಉದ್ದೇಶವನ್ನು ದಿನದಿನವೂ ದೇವರ ಪಾದದಲ್ಲಿಟ್ಟು ತೊಳೆದುಕೊಳ್ಳಬೇಕು. ನಮ್ಮ ಕರಾವಳಿಯಲ್ಲಿ ಬರಿಗಾಲಿನಲ್ಲಿ ನಡೆದ ಸಂತ ಜೋಸೆಫ್ ವಾಜರು ನಮ್ಮ ವಿಚಾರಣೆಗಾಗಿ ಆ ವರವನ್ನು ದೇವರಲ್ಲಿ ಬೇಡಲಿ.